ಎಲ್ಲದಕ್ಕೂ ಎರಡೂವರೆ ಪಟ್ಟು ಬೇಡ: ಭೂಕಂಪದ ಲೆಕ್ಕದಲ್ಲಿ ಓವರ್‌ಸ್ಟ್ರೆಂತ್ ಎಲ್ಲಿ ಹಾಕಬೇಕು?

ಕಳೆದ ಮಳೆಗಾಲದಲ್ಲಿ ನಮ್ಮ ಆಫೀಸಿಗೆ ಒಂದು ಕಟ್ಟಡದ ಕೆಲಸ ಬಂತು. ಜಯನಗರದ ಹತ್ತಿರ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಪೂರ್ತಿ ಸ್ಟೀಲ್ ಚೌಕಟ್ಟು. ಭೂಕಂಪದ ಅಡ್ಡ ಬಲ ತಡೆಯೋದಕ್ಕೆ ನಾಲ್ಕು ಬದಿಯಲ್ಲೂ ಬ್ರೇಸ್, ಅಂದರೆ ಎರಡು ಪಿಲ್ಲರ್‌ಗಳ ನಡುವೆ ಓರೆಯಾಗಿ ಕೂರಿಸುವ ಸ್ಟೀಲ್ ಪೈಪು. ಮೂರು ಬದಿಯಲ್ಲಿ ಬ್ರೇಸ್ ನೆಲದವರೆಗೂ ಇಳಿಯುತ್ತದೆ. ನಾಲ್ಕನೇ ಬದಿಯಲ್ಲಿ ಕಾರು ಒಳಗೆ ಬರಬೇಕು. ಹಾಗಾಗಿ ಅಲ್ಲಿ ಬ್ರೇಸ್ ಮೊದಲ ಮಹಡಿಯಲ್ಲೇ ನಿಂತುಬಿಡುತ್ತದೆ.

ಲೆಕ್ಕ ಮಾಡುತ್ತಿದ್ದವಳು ಕೆಲಸಕ್ಕೆ ಸೇರಿ ಒಂದು ವರ್ಷವಾಗಿದ್ದ ಹುಡುಗಿ. ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಳು. "ಸರ್, ಸ್ಟೀಲ್ ತುಂಬಾ ಜಾಸ್ತಿ ಬರ್ತಿದೆ. ಓನರ್ ಒಪ್ಪಲ್ಲ." ಮಾಡೆಲ್ ತೆರೆದು ನೋಡಿದೆ. ಪ್ರತಿಯೊಂದು ಬೀಮಿಗೂ, ಪ್ರತಿಯೊಂದು ಬ್ರೇಸಿಗೂ ಭೂಕಂಪದ ಬಲವನ್ನು 2.5ರಿಂದ ಗುಣಿಸಿದ್ದಳು. ಯಾಕಮ್ಮ ಅಂತ ಕೇಳಿದೆ. "ಕೋಡ್‌ನಲ್ಲಿ ಇದೆ ಸರ್. ಎಲ್ಲಾ ಕಡೆ ಹಾಕಿದ್ರೆ ಸೇಫ್ ಅಲ್ವಾ?" ಕೋಡ್ ಅಂದರೆ ಕಟ್ಟಡ ವಿನ್ಯಾಸದ ನಿಯಮಪುಸ್ತಕ.

ಈ 2.5ಕ್ಕೇ ಓವರ್‌ಸ್ಟ್ರೆಂತ್ ಅಂಶ ಅನ್ನುವುದು. ಕಟ್ಟಡ ಲೆಕ್ಕಕ್ಕಿಂತ ನಿಜಕ್ಕೂ ಎಷ್ಟು ಪಟ್ಟು ಗಟ್ಟಿ ಇರಬಹುದು ಅನ್ನುವ ಅಂದಾಜು ಅದು. ಎಲ್ಲಾ ಕಡೆ ಹಾಕಿದರೆ ಆ ಅಂಶ ಇರುವ ಉದ್ದೇಶವೇ ಹಾಳಾಗುತ್ತದೆ. ಅದು ಅವಳ ತಪ್ಪೂ ಅಲ್ಲ. ಕಾಲೇಜಿನಲ್ಲಿ ಈ ಅಂಶವನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅವತ್ತು ಅವಳಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಲದ ಲೆಕ್ಕ. ನಮ್ಮ ದೇಶದ ಭೂಕಂಪದ ಕೋಡ್ ಆದ 2016ರ ಐಎಸ್ 1893ರಲ್ಲಿ ಬೆಂಗಳೂರು ಎರಡನೇ ವಲಯದಲ್ಲಿದೆ, ಅಂದರೆ ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ ವಲಯದಲ್ಲಿ. ವಲಯದ ಅಂಶ 0.10. ಕಟ್ಟಡದ ತೂಕ 1000 ಟನ್, ಮಹತ್ವದ ಅಂಶ 1 ಅಂತ ಇಟ್ಟುಕೊಳ್ಳಿ. ಚಿಕ್ಕ ಕಟ್ಟಡವಾದ್ದರಿಂದ ಕಂಪನದ ಅಂಶ, ಅಂದರೆ ನೆಲಕ್ಕಿಂತ ಕಟ್ಟಡ ಎಷ್ಟು ಪಟ್ಟು ನಡುಗುತ್ತದೆ ಅನ್ನೋದು, 2.5 (ಇದು ಓವರ್‌ಸ್ಟ್ರೆಂತ್‌ನ 2.5 ಅಲ್ಲ). ವಲಯದ ಅಂಶದ ಅರ್ಧವನ್ನು ಇದರಿಂದ ಗುಣಿಸಿದರೆ 0.125. ಅಂದರೆ, ವಿನ್ಯಾಸಕ್ಕೆ ಹಿಡಿದಿರುವ ಭೂಕಂಪ ಬಂದಾಗ ಈ ಕಟ್ಟಡದ ಯಾವ ಭಾಗವೂ ಬಾಗಿ ಉಳಿಯದೆ ನಿಲ್ಲಬೇಕಾದರೆ 125 ಟನ್ ಅಡ್ಡ ಬಲ ತಡೆಯಬೇಕು.

ಅಷ್ಟಕ್ಕೆ ನಾವು ಯಾರೂ ಕಟ್ಟುವುದಿಲ್ಲ. ಈ ಬಲವನ್ನು ಎಷ್ಟರಿಂದ ಭಾಗಿಸಬಹುದು ಅಂತ ಹೇಳುವುದು ಆರ್ ಅಂಶ. ಸಾಮಾನ್ಯ ಬ್ರೇಸ್ ಚೌಕಟ್ಟಿಗೆ ಕೋಡ್ ಕೊಡುವ ಆರ್ ಅಂಶ 4. 125ನ್ನು 4ರಿಂದ ಭಾಗಿಸಿದರೆ ಸುಮಾರು 31 ಟನ್. ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದನ್ನೇ. ಮೇಲೆ ಸುರಕ್ಷತೆಗೆ ಅಂತ 1.5ರ ಲೋಡ್ ಫ್ಯಾಕ್ಟರ್ ಹಾಕಿದರೆ 47.

125 ಇದ್ದದ್ದು 31 ಹೇಗಾಯಿತು? ಎರಡು ಕಾರಣ ಇವೆ. ಒಂದು, ಬ್ರೇಸ್‌ಗಳು ಒಂದು ಹಂತದಲ್ಲಿ ಸೋತು ಎಳೆದಾಡಿಕೊಂಡು, ಬಾಗಿಕೊಂಡು, ಭೂಕಂಪದ ಶಕ್ತಿಯನ್ನು ನುಂಗುತ್ತವೆ. ಮುರಿದು ಬೀಳುವುದಿಲ್ಲ. ಎರಡು, ಕಟ್ಟಡ ನಾವು ಕಾಗದದ ಮೇಲೆ ಬರೆದದ್ದಕ್ಕಿಂತ ನಿಜಕ್ಕೂ ಜಾಸ್ತಿ ಗಟ್ಟಿ ಇರುತ್ತದೆ. ಈ ಎರಡನೆಯದಕ್ಕೇ ಓವರ್‌ಸ್ಟ್ರೆಂತ್ ಅನ್ನುವುದು. ಅಮೆರಿಕದ ಪುಸ್ತಕಗಳಲ್ಲಿ ಇದಕ್ಕೆ ಒಮೆಗಾ ಅನ್ನೋ ಗುರುತು.

ಈ ಹೆಚ್ಚಿನ ಬಲ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗದೆ ಮುಂದಿನದು ಅರ್ಥವಾಗಲ್ಲ. 250 ಮೆಗಾಪ್ಯಾಸ್ಕಲ್‌ಗೆ ಸೋಲುತ್ತದೆ ಅಂತ ಲೆಕ್ಕ ಹಾಕಿದ ಸ್ಟೀಲ್ ಪರೀಕ್ಷೆಯಲ್ಲಿ 300ಕ್ಕೂ ಮೇಲೆ ಬರುವುದು ಸಾಮಾನ್ಯ. ಸೋತ ಮೇಲೂ ಸ್ಟೀಲ್ ಇನ್ನಷ್ಟು ಬಿಗಿಯಾಗುತ್ತದೆ. ಲೆಕ್ಕದಲ್ಲಿ ನಾಲ್ಕೂಕಾಲು ಕಂಬಿ ಬಂದರೆ ಸೈಟಿನಲ್ಲಿ ಐದು ಹಾಕುತ್ತೇವೆ. ಮೂರನೇ ಮಹಡಿಗೆ ಬೇಕಾದ ಅಳತೆಯ ಬೀಮನ್ನೇ ನಾಲ್ಕನೇ ಮಹಡಿಗೂ ಎಳೆದುಬಿಡುತ್ತೇವೆ. ಒಂದು ಬ್ರೇಸ್ ಸೋತರೆ ಪಕ್ಕದ್ದು ಹೊರೆ ಹೊರುತ್ತದೆ. ಲೆಕ್ಕಕ್ಕೇ ತೆಗೆದುಕೊಳ್ಳದ ಬ್ಲಾಕ್ ಗೋಡೆಗಳೂ ಸ್ವಲ್ಪ ತಡೆಯುತ್ತವೆ. ಇವೆಲ್ಲ ಸೇರಿದರೆ 31 ಟನ್‌ಗೆ ಅಂತ ಲೆಕ್ಕ ಹಾಕಿದ ಕಟ್ಟಡ ನಿಜವಾಗಿ 78 ಟನ್‌ವರೆಗೆ ತಡೆಯಬಹುದು. 31ರ ಎರಡೂವರೆ ಪಟ್ಟು ಅದು.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಇಲ್ಲಿ ಭೂಕಂಪದ ಬಲ ಕಡಿಮೆ. ಹಾಗಾಗಿ ಎಷ್ಟೋ ಬೀಮು, ಪಿಲ್ಲರ್‌ಗಳ ಅಳತೆಯನ್ನು ತೀರ್ಮಾನಿಸುವುದು ಕಟ್ಟಡದ ತೂಕ ಮತ್ತು ಜನರ ತೂಕವೇ. ಭೂಕಂಪಕ್ಕೆ ಬೇಕಾದ್ದಕ್ಕಿಂತ ಅವು ತಾವಾಗಿಯೇ ದಪ್ಪ ಇರುತ್ತವೆ. "ನಮ್ಮೂರು ಕಡಿಮೆ ವಲಯ, ನಮಗ್ಯಾಕೆ ಓವರ್‌ಸ್ಟ್ರೆಂತ್" ಅಂತ ಕೇಳುವವರಿದ್ದಾರೆ. ಒಟ್ಟು ಬಲ ಕಡಿಮೆ ಅನ್ನೋದು ನಿಜ. ಆದರೆ ಲೆಕ್ಕಕ್ಕೂ ನಿಜಕ್ಕೂ ಇರುವ ಅಂತರ ಕಡಿಮೆ ವಲಯದಲ್ಲೇ ಜಾಸ್ತಿ.

ಗಟ್ಟಿ ಇದ್ದರೆ ಒಳ್ಳೆಯದಲ್ಲವಾ, ಅದರಲ್ಲಿ ತೊಂದರೆ ಏನು? ಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಳದ ಮೇಲೆ ವಿಷಲ್ ಅಲ್ಲದೆ ಇನ್ನೊಂದು ಚಿಕ್ಕ ಸೇಫ್ಟಿ ವಾಲ್ವ್ ಇರುತ್ತದೆ. ಒತ್ತಡ ಮಿತಿ ಮೀರಿದರೆ ಮೊದಲು ಅದು ಹೋಗಬೇಕು. ಅದು ಹೋದರೆ ಅಡುಗೆಮನೆ ತುಂಬಾ ಬೇಳೆ ಚೆಲ್ಲುತ್ತದೆ, ಅಷ್ಟೇ. ಪಾತ್ರೆ ಸಿಡಿಯುವುದಿಲ್ಲ. ಈಗ ಆ ವಾಲ್ವ್ ಹೇಳಿದ ಒತ್ತಡಕ್ಕೆ ಹೋಗದೆ ಅದರ ಎರಡೂವರೆ ಪಟ್ಟು ಒತ್ತಡದವರೆಗೆ ಗಟ್ಟಿಯಾಗಿ ಕೂತಿದೆ ಅಂದುಕೊಳ್ಳಿ. ಅಷ್ಟೂ ಒತ್ತಡ ಪಾತ್ರೆಯ ಮೇಲೆ, ಹಿಡಿಯ ಮೇಲೆ, ಮುಚ್ಚಳದ ಅಂಚಿನ ಮೇಲೆ ಬೀಳುತ್ತದೆ. ಅವು ಅದನ್ನು ತಡೆಯಲೇಬೇಕು.

ಕಟ್ಟಡದಲ್ಲೂ ಹೀಗೆಯೇ. ಸೋಲಲಿ ಅಂತ ನಾವೇ ಆರಿಸಿದ ಭಾಗಗಳು ವಾಲ್ವ್ ಇದ್ದಂತೆ. ಬ್ರೇಸ್ ಚೌಕಟ್ಟಿನಲ್ಲಿ ಬ್ರೇಸ್. ಬೀಮು ಪಿಲ್ಲರ್ ಚೌಕಟ್ಟಿನಲ್ಲಿ ಬೀಮಿನ ತುದಿಗಳು. ಕಾಂಕ್ರೀಟ್ ಗೋಡೆಯಲ್ಲಿ ಅದರ ಬುಡ. ಉಳಿದದ್ದು ಪಾತ್ರೆ. ವಾಲ್ವ್‌ಗೆ ಲೆಕ್ಕದ ಬಲ ಸಾಕು. ಪಾತ್ರೆಗೆ, ವಾಲ್ವ್ ನಿಜವಾಗಿ ಎಷ್ಟು ಬಲ ಕಳಿಸಬಲ್ಲದೋ ಅಷ್ಟು ಬೇಕು. ಎರಡಕ್ಕೂ 2.5 ಹಾಕಿದರೆ ವಾಲ್ವ್ ಮತ್ತೆ ಪಾತ್ರೆಯಷ್ಟೇ ಗಟ್ಟಿಯಾಗುತ್ತದೆ. ಯಾವುದು ಮೊದಲು ಹೋಗುತ್ತದೆ ಅನ್ನೋದು ಮತ್ತೆ ನಮ್ಮ ಕೈಯಲ್ಲಿ ಇರುವುದಿಲ್ಲ. ನಮ್ಮ ಹುಡುಗಿಯ ಮಾಡೆಲ್‌ನಲ್ಲಿ ಆಗಿದ್ದು ಇದೇ.

ಹಾಗಾಗಿ ಯಾವುದೇ ಭಾಗ ಎದುರಿಗೆ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ. ಇದು ಸೋತರೆ ಏನಾಗುತ್ತದೆ? ನಿಧಾನವಾಗಿ ಬಾಗಿ ಶಕ್ತಿ ನುಂಗುತ್ತದೆ ಅಂದರೆ ಓವರ್‌ಸ್ಟ್ರೆಂತ್ ಬೇಡ. ಪಟ್ ಅಂತ ಹೋಗಿ ಮೇಲಿನ ಮಹಡಿಗಳನ್ನೂ ಎಳೆದುಕೊಂಡು ಬೀಳುತ್ತದೆ ಅಂದರೆ ಬೇಕು.

ಈ ಪ್ರಶ್ನೆಯನ್ನು ಕಲಿಸಿದ ಕಟ್ಟಡಗಳಲ್ಲಿ ಒಂದು ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೋದಲ್ಲಿತ್ತು. ಇಂಪೀರಿಯಲ್ ಕೌಂಟಿಯ ಸರ್ಕಾರಿ ಕಚೇರಿ, ಆರು ಮಹಡಿಯ ಕಾಂಕ್ರೀಟ್ ಕಟ್ಟಡ. ಮೇಲಿನ ಮಹಡಿಗಳಲ್ಲಿ ಪೂರ್ವ ತುದಿಗೆ ಉದ್ದಕ್ಕೂ ಕಾಂಕ್ರೀಟ್ ಗೋಡೆ. ನೆಲಮಹಡಿಯಲ್ಲಿ ಆ ಗೋಡೆ ಇಲ್ಲ, ಬರೀ ಪಿಲ್ಲರ್. 1979ರ ಅಕ್ಟೋಬರ್ 15ರ ಭೂಕಂಪದಲ್ಲಿ ಮೇಲಿನ ಗೋಡೆ ಗಟ್ಟಿಯಾಗಿ ನಿಂತಿತು. ಅದು ಪಕ್ಕಕ್ಕೆ ವಾಲುವಾಗ ಹುಟ್ಟಿದ ಬಲ ಪೂರ್ತಿ ಕೆಳಗಿನ ಪಿಲ್ಲರ್‌ಗಳ ತಲೆ ಮೇಲೆ ಬಿತ್ತು. ಪೂರ್ವ ತುದಿಯ ನಾಲ್ಕು ಪಿಲ್ಲರ್‌ಗಳ ಬುಡ ಪುಡಿಯಾಯಿತು. ಕಂಪನ ಅಳೆಯುವ ಉಪಕರಣಗಳನ್ನು ಮೊದಲೇ ಅಳವಡಿಸಿದ್ದರಿಂದ ಏನಾಯಿತು ಅನ್ನೋದು ದಾಖಲಾಯಿತು. ಆಮೇಲೆ ಕಟ್ಟಡವನ್ನು ಕೆಡವಬೇಕಾಯಿತು.

ಇವತ್ತು ಅಮೆರಿಕದಲ್ಲಿ ಕಟ್ಟಡದ ಹೊರೆಗಳ ಕೋಡ್ ಆದ ಎಎಸ್‌ಸಿಇ 7ರಲ್ಲಿ ಇದಕ್ಕೆ ಸ್ಪಷ್ಟ ನಿಯಮ ಇದೆ. ಮೇಲಿನ ಗೋಡೆ ಅಥವಾ ಚೌಕಟ್ಟು ನೆಲದವರೆಗೆ ಇಳಿಯದಿದ್ದರೆ, ಅದನ್ನು ಹೊರುವ ಪಿಲ್ಲರು, ಬೀಮುಗಳಿಗೆ ಓವರ್‌ಸ್ಟ್ರೆಂತ್ ಬಲ ಹಾಕಲೇಬೇಕು. ಎಷ್ಟು ಅನ್ನೋದು ಚೌಕಟ್ಟಿನ ಜಾತಿಯ ಮೇಲೆ. ವಿಶೇಷ (ಅಂದರೆ ಮುರಿಯದೆ ಚೆನ್ನಾಗಿ ಬಾಗುವಂತೆ ಕಟ್ಟಿದ) ಬೀಮು ಪಿಲ್ಲರ್ ಚೌಕಟ್ಟಿಗೆ 3, ವಿಶೇಷ ಕಾಂಕ್ರೀಟ್ ಗೋಡೆಗೆ 2.5, ವಿಶೇಷ ಬ್ರೇಸ್ ಚೌಕಟ್ಟಿಗೆ 2.

ನಮ್ಮ ಕಟ್ಟಡದ ನಾಲ್ಕನೇ ಬದಿಯೂ ಇದೇ ಜಾತಿಯದ್ದು. 2016ರ ಐಎಸ್ 1893ರ ಪ್ರಕಾರ ಹೀಗೆ ನಡುವೆ ನಿಂತ ಚೌಕಟ್ಟಿಗೆ ಮೂರು, ನಾಲ್ಕು, ಐದನೇ ವಲಯಗಳಲ್ಲಿ ಅನುಮತಿಯೇ ಇಲ್ಲ. ಎರಡನೇ ವಲಯದಲ್ಲಿ ಇದೆ, ಆದರೆ ಕಟ್ಟಡದ ಅಡ್ಡ ಸರಿತ, ಅಂದರೆ ಅದು ಪಕ್ಕಕ್ಕೆ ಜರುಗುವ ದೂರ, ಎತ್ತರದ ಶೇ. 0.2 ದಾಟಬಾರದು. 18 ಮೀಟರ್ ಎತ್ತರಕ್ಕೆ 36 ಮಿಲಿಮೀಟರ್. ಈ ಸರಿತವನ್ನು ಲೆಕ್ಕದ ಬಲಕ್ಕೇ ನೋಡಬೇಕು. ಅದಕ್ಕೆ 2.5 ಹಾಕಬಾರದು. ನಮ್ಮ ಹುಡುಗಿ ಅಲ್ಲೂ ಹಾಕಿದ್ದಳು, ಸರಿತ ಮೀರಿದೆ ಅಂತ ಬ್ರೇಸ್‌ಗಳನ್ನು ಇನ್ನೂ ದಪ್ಪ ಮಾಡಿದ್ದಳು.

ಈಗ ಆ ಬದಿಯ ಒಂದು ಪಿಲ್ಲರನ್ನು ಹತ್ತಿರದಿಂದ ನೋಡೋಣ. ಕಟ್ಟಡದ ಸ್ವಂತ ತೂಕದಿಂದ ಅದರ ಮೇಲೆ 40 ಟನ್. ಜನ, ಸಾಮಾನಿನಿಂದ 16. ಭೂಕಂಪದಿಂದ, ಯಾವ ಅಂಶವೂ ಹಾಕದೆ, 30 ಟನ್. ಭೂಕಂಪ ಒಂದು ಕಡೆಗೆ ತಳ್ಳಿದಾಗ ಈ 30 ಕೆಳಕ್ಕೆ ಒತ್ತುತ್ತದೆ. ಇನ್ನೊಂದು ಕಡೆಗೆ ತಳ್ಳಿದಾಗ ಮೇಲಕ್ಕೆ ಎಳೆಯುತ್ತದೆ. ಮಾಮೂಲಿ ಲೆಕ್ಕದಲ್ಲಿ ಸ್ವಂತ ತೂಕ ಮತ್ತು ಭೂಕಂಪ ಎರಡಕ್ಕೂ 1.5 ಹಾಕಿದರೆ ಒತ್ತಡ 105 ಟನ್. ಸ್ಟೀಲ್ ಕಟ್ಟಡಗಳ ಕೋಡ್ ಆದ 2007ರ ಐಎಸ್ 800ರ ಹನ್ನೆರಡನೇ ಅಧ್ಯಾಯದಲ್ಲಿ ಇನ್ನೊಂದು ಜೋಡಿ ಲೆಕ್ಕ ಇದೆ. ಮೊದಲನೆಯದು ಸ್ವಂತ ತೂಕದ 1.2, ಜನರ ತೂಕದ 0.5, ಭೂಕಂಪದ 2.5. ಕೂಡಿದರೆ 131 ಟನ್. ಸುಮಾರು ಕಾಲು ಭಾಗ ಜಾಸ್ತಿ ಆಯಿತು. ದೊಡ್ಡ ವಿಷಯವೇನಲ್ಲ ಅನ್ನಿಸಬಹುದು.

ಎರಡನೆಯದು ಮೇಲಕ್ಕೆ ಎಳೆಯುವ ಲೆಕ್ಕ. ಮಾಮೂಲಿಯಲ್ಲಿ ಸ್ವಂತ ತೂಕದ 0.9 ಅಂದರೆ 36, ಅದರಿಂದ ಭೂಕಂಪದ 1.5 ಅಂದರೆ 45 ಕಳೆದರೆ, ಬರೀ 9 ಟನ್ ಮೇಲೆಳೆತ. ಓವರ್‌ಸ್ಟ್ರೆಂತ್ ಲೆಕ್ಕದಲ್ಲಿ 36ರಿಂದ 75 ಕಳೆಯಬೇಕು. 39 ಟನ್! ನಾಲ್ಕು ಪಟ್ಟಿಗಿಂತ ಜಾಸ್ತಿ. 9 ಟನ್‌ಗೆ ಅಂತ ಹಾಕಿದ, ಪಿಲ್ಲರಿನ ಬುಡದ ಬೇಸ್ ಪ್ಲೇಟಿನ ಬೋಲ್ಟು, ಪಿಲ್ಲರ್ ಜೋಡಿಸಿದ ಜಾಗದ ವೆಲ್ಡು ಎರಡೂ ಆಗ ಗೋವಿಂದ. ಓವರ್‌ಸ್ಟ್ರೆಂತ್ ಬಿಟ್ಟರೆ ಪೆಟ್ಟು ಬೀಳುವುದು ಹೆಚ್ಚಾಗಿ ಇಲ್ಲೇ, ಎಳೆತದಲ್ಲಿ, ಜೋಡಣೆಗಳಲ್ಲಿ. ಪಿಲ್ಲರಿನ ಹೊಟ್ಟೆಯನ್ನಲ್ಲ, ಅದರ ಬುಡವನ್ನೇ ನಾನು ಮೊದಲು ನೋಡುವುದು ಇದಕ್ಕೇ.

ಇಲ್ಲಿ ಒಂದು ಎಚ್ಚರಿಕೆ. ಈ 2.5, 1.5ರ ಜಾಗದಲ್ಲಿ ಬರುತ್ತದೆ. 1.5ನ್ನು 2.5ರಿಂದ ಗುಣಿಸಿ 3.75 ಮಾಡುವವರನ್ನು ನೋಡಿದ್ದೇನೆ. ಅದು ತಪ್ಪು. ಅಮೆರಿಕದ ಲೆಕ್ಕದಲ್ಲೂ, ಒಂದು ಭಾಗ ಹೋದರೆ ಹೊರೆ ಹೊರಲು ಬೇರೆ ಭಾಗಗಳು ಸಾಲದ ಕಟ್ಟಡಕ್ಕೆ ಬಲ ಹೆಚ್ಚಿಸುವ ರಿಡಂಡೆನ್ಸಿ ಅಂಶವನ್ನು ಓವರ್‌ಸ್ಟ್ರೆಂತ್ ಜೊತೆ ಗುಣಿಸುವುದಿಲ್ಲ. ಇನ್ನೂ ಒಂದು ವಿಷಯ. ಐಎಸ್ 800ರಲ್ಲಿ ಎಲ್ಲ ಪಿಲ್ಲರಿಗೂ ಇದು ಅನ್ವಯಿಸುವುದಿಲ್ಲ. ಪಿಲ್ಲರ್ ಮೇಲಿನ ಹೊರೆ ಅದರ ಸಾಮರ್ಥ್ಯದ ಶೇ. 40 ದಾಟಿದಾಗ ಮಾತ್ರ. ಬ್ರೇಸ್ ನೆಲದವರೆಗೆ ಇಳಿಯದ ಬದಿಯ ಪಿಲ್ಲರ್‌ಗಳಿಗೆ ನಾನು ಶೇ. 40 ನೋಡುವುದಿಲ್ಲ, ಹಾಕಿಯೇ ಬಿಡುತ್ತೇನೆ.

2.5 ಅನ್ನುವುದು ಒಂದು ಅಂದಾಜು. ವಾಲ್ವ್ ಎಷ್ಟು ಬಲ ಕಳಿಸಬಲ್ಲದು ಅಂತ ನೇರವಾಗಿ ಲೆಕ್ಕ ಹಾಕಲು ಆದರೆ ಅಂದಾಜು ಬೇಕಿಲ್ಲ. ಐಎಸ್ 800 ಅದಕ್ಕೂ ದಾರಿ ಕೊಡುತ್ತದೆ. ಪಿಲ್ಲರಿಗೆ ಸೇರುವ ಬ್ರೇಸ್, ಬೀಮುಗಳ ಸಾಮರ್ಥ್ಯದ 1.2 ಪಟ್ಟು ಎಷ್ಟೋ ಅಷ್ಟಕ್ಕಿಂತ ಜಾಸ್ತಿ ಬಲ ಪಿಲ್ಲರಿಗೆ ಬರಲಾರದು ಅಂತ. ನಮ್ಮ ಕಟ್ಟಡದಲ್ಲಿ ಆ ಬದಿಯ ನಾಲ್ಕೂ ಮಹಡಿಯ ಬ್ರೇಸ್‌ಗಳು ಒಟ್ಟಿಗೆ ಸೋತರೂ ಪಿಲ್ಲರಿಗೆ ಕೊಡುವುದು 57 ಟನ್. 75 ಅಲ್ಲ. ಆಗ ಮೇಲೆಳೆತ 39ರಿಂದ 21ಕ್ಕೆ ಇಳಿಯಿತು. ಆದರೆ ಇದು ಬ್ರೇಸ್ ಅಳತೆಗೆ ಸರಿಯಾಗಿ ಇದ್ದಾಗ ಮಾತ್ರ. ಅವಳ ಮೊದಲ ಮಾಡೆಲ್‌ನ ದಪ್ಪ ಬ್ರೇಸ್‌ಗಳಾಗಿದ್ದರೆ ಈ ಲಾಭ ಸಿಗುತ್ತಿರಲಿಲ್ಲ. "ಇರಲಿ, ಒಂದು ಸೈಜ್ ಮೇಲೆ ಹಾಕು" ಅಂತ ಬ್ರೇಸಿಗೆ ಹೇಳಿದರೆ ಅದರ ಖರ್ಚು ಪಿಲ್ಲರ್, ಬೋಲ್ಟು, ಫೂಟಿಂಗ್ ಎಲ್ಲದರ ಮೇಲೂ ಬೀಳುತ್ತದೆ.

ಪಿಲ್ಲರ್ ಆಯಿತು. ಇನ್ನೊಂದು ಕಡೆ ಹೆಚ್ಚು ಜನ ಮರೆಯುವುದು ಕಲೆಕ್ಟರ್. ನಾಲ್ಕನೇ ಬದಿಯ ಬ್ರೇಸ್ ಮೊದಲ ಮಹಡಿಯಲ್ಲಿ ನಿಂತಿತಲ್ಲ, ಅದು ಹೊತ್ತು ತಂದ ಅಡ್ಡ ಬಲ ಎಲ್ಲಿಗೆ ಹೋಗಬೇಕು? ಮೊದಲ ಮಹಡಿಯ ಸ್ಲ್ಯಾಬಿನ ಮೂಲಕ ನೆಲಕ್ಕೆ ಇಳಿದಿರುವ ಎದುರು ಬದಿಯ ಬ್ರೇಸ್‌ಗೆ. ಸ್ಲ್ಯಾಬಿನ ಉದ್ದಗಲದಲ್ಲಿ ಹರಡಿರುವ ಬಲವನ್ನು ಕೂಡಿಸಿ ಆ ಬ್ರೇಸಿನ ಬಾಯಿಗೆ ತಂದು ಸುರಿಯುವ ಬೀಮೇ ಕಲೆಕ್ಟರ್. ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ರಾಜಕಾಲುವೆ ಇದ್ದ ಹಾಗೆ. ಕೆರೆ ಎಷ್ಟು ದೊಡ್ಡದಿದ್ದರೇನು, ನೀರು ತರುವ ಕಾಲುವೆ ಕಟ್ಟಿಕೊಂಡರೆ ನೀರು ಮನೆಗೆ ನುಗ್ಗುತ್ತದೆ. ಕಲೆಕ್ಟರ್ ಕಿತ್ತುಬಂದರೆ ಕೊನೆಯಲ್ಲಿರುವ ಗಟ್ಟಿ ಬ್ರೇಸಿಗೋ ಗೋಡೆಗೋ ಬಲ ತಲುಪುವುದೇ ಇಲ್ಲ.

ಅಪಾರ್ಟ್‌ಮೆಂಟ್‌ಗಳಲ್ಲಿ ಲಿಫ್ಟಿನ ಸುತ್ತ ಕಾಂಕ್ರೀಟ್ ಗೋಡೆ ಇರುತ್ತದೆ. ಬಲ ತಡೆಯುವುದು ಅದೇ ಅಂತ ನಾವು ಲೆಕ್ಕದಲ್ಲಿ ಬರೆಯುತ್ತೇವೆ. ಒಮ್ಮೆ ಹೋಗಿ ಆ ಗೋಡೆ ಸ್ಲ್ಯಾಬಿಗೆ ಎಲ್ಲೆಲ್ಲಿ ಅಂಟಿದೆ ನೋಡಿ. ಒಂದು ಬದಿ ಮೆಟ್ಟಿಲು, ಇನ್ನೊಂದು ಬದಿ ಡಕ್ಟ್, ಮುಂದೆ ಲಿಫ್ಟಿನ ಬಾಗಿಲು. ಸ್ಲ್ಯಾಬ್ ನಿಜವಾಗಿ ಗೋಡೆಯನ್ನು ಹಿಡಿದಿರುವುದು ಎಂಟು ಹತ್ತು ಅಡಿ ಮಾತ್ರ. ಅಷ್ಟರಲ್ಲೇ ಇಡೀ ಮಹಡಿಯ ಬಲ ದಾಟಬೇಕು. ಎಎಸ್‌ಸಿಇ 7 ತೀರಾ ಕಡಿಮೆ ಅಪಾಯದ ವರ್ಗಗಳನ್ನು ಬಿಟ್ಟು ಉಳಿದ ಕಡೆ ಕಲೆಕ್ಟರ್‌ಗೂ ಅದರ ಜೋಡಣೆಗೂ ಓವರ್‌ಸ್ಟ್ರೆಂತ್ ಕಡ್ಡಾಯ ಮಾಡಿದೆ. ಕಡ್ಡಾಯ ಇಲ್ಲದ ಕಡೆಯೂ ನಾನು ಇದನ್ನು ಬಿಡುವುದಿಲ್ಲ. ನಾಲ್ಕು ಕಂಬಿ ಜಾಸ್ತಿ ಅಷ್ಟೇ.

ಬೋಲ್ಟುಗಳದ್ದೂ ಇದೇ ಕಥೆ. ಕಾಂಕ್ರೀಟಿನಲ್ಲಿ ಹೂತ ಬೋಲ್ಟು ಎಳೆದಾಗ ಸ್ಟೀಲ್ ಹಿಗ್ಗಿದರೆ ಪರವಾಗಿಲ್ಲ. ಸುತ್ತಲಿನ ಕಾಂಕ್ರೀಟು ಶಂಕುವಿನಂತೆ ಕಿತ್ತುಬಂದರೆ ಮುಗಿಯಿತು. ಅಮೆರಿಕದ ಕಾಂಕ್ರೀಟ್ ಕೋಡ್ ಎಸಿಐ 318ರಲ್ಲಿ, ಹೆಚ್ಚು ಅಪಾಯದ ಕಡೆ, ಬೋಲ್ಟಿನ ಒಟ್ಟು ಎಳೆತದಲ್ಲಿ ಭೂಕಂಪದ ಪಾಲು ಶೇ. 20 ದಾಟಿದರೆ, ಒಂದೋ ಬೋಲ್ಟೇ ಮೊದಲು ಹಿಗ್ಗುವಂತೆ ಮಾಡಬೇಕು, ಅಥವಾ ಬೇಸ್ ಪ್ಲೇಟಿನಂಥ ಇನ್ನೊಂದು ಭಾಗ ಮೊದಲು ಸೋಲಬೇಕು, ಇಲ್ಲವೇ ಓವರ್‌ಸ್ಟ್ರೆಂತ್ ಬಲ ಹಾಕಬೇಕು.

ಬೆಂಗಳೂರಿನ ಬಹುಪಾಲು ಕಟ್ಟಡ ಸ್ಟೀಲಿನದ್ದಲ್ಲ, ಕಾಂಕ್ರೀಟಿನದ್ದು. ಅಲ್ಲಿ ಓವರ್‌ಸ್ಟ್ರೆಂತ್ ಬೇರೆ ವೇಷದಲ್ಲಿ ಬರುತ್ತದೆ. ಭೂಕಂಪಕ್ಕೆ ಕಾಂಕ್ರೀಟ್ ಕಟ್ಟಡದಲ್ಲಿ ಕಂಬಿ ಹೇಗೆ ಹಾಕಬೇಕು ಅಂತ ಹೇಳುವ 2016ರ ಐಎಸ್ 13920ರಲ್ಲಿ 1.4 ಅನ್ನೋ ಅಂಕಿ ಮತ್ತೆ ಮತ್ತೆ ಸಿಗುತ್ತದೆ. ಬೀಮಿಗೆ ರಿಂಗ್ (ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿ) ಲೆಕ್ಕ ಹಾಕುವಾಗ ಬೀಮಿನ ತುದಿಗಳ ಬಾಗುವ ಸಾಮರ್ಥ್ಯದ 1.4 ಪಟ್ಟು. ಒಂದು ಜಾಯಿಂಟಿನಲ್ಲಿ ಪಿಲ್ಲರ್‌ಗಳ ಒಟ್ಟು ಸಾಮರ್ಥ್ಯ ಬೀಮುಗಳದ್ದಕ್ಕಿಂತ ಕನಿಷ್ಠ 1.4 ಪಟ್ಟು. ಎರಡನೇ ವಲಯದಲ್ಲಿ ಈ ಕೋಡ್ ಕಡ್ಡಾಯವಲ್ಲ. ಆದರೂ ಈ ಎರಡು ನಿಯಮಗಳನ್ನಾದರೂ ಪಾಲಿಸಿ ಅಂತ ನನ್ನ ಕಳಕಳಿಯ ಮಾತು. ರಿಂಗಿನ ವಿಷಯದಲ್ಲಿ ಉಳಿಸುವ ದುಡ್ಡು ದುಡ್ಡೇ ಅಲ್ಲ.

1.4 ಯಾಕೆ? ಕಂಬಿಯ ನಿಜವಾದ ಬಲ ಬರೆದದ್ದರ 1.25 ಪಟ್ಟು ಇರಬಹುದು ಅಂತ ಇಟ್ಟುಕೊಂಡು, ನಾವು ಲೆಕ್ಕದಲ್ಲಿ ಬಳಸುವ 0.87ರಿಂದ ಭಾಗಿಸಿ. 1.4ರ ಆಸುಪಾಸು ಬರುತ್ತದೆ. ಇದೇ ಕೋಡ್‌ನಲ್ಲಿ ಕಂಬಿಗೂ ಒಂದು ಮೇಲ್ಮಿತಿ ಇದೆ. ಪರೀಕ್ಷೆಯಲ್ಲಿ ಬರುವ ಬಲ ಬರೆದದ್ದಕ್ಕಿಂತ ಶೇ. 20ಕ್ಕಿಂತ ಜಾಸ್ತಿ ಇರಬಾರದು. 500ರ ಕಂಬಿ 600 ದಾಟಬಾರದು. ಒಮ್ಮೆ ಒಂದು ಸೈಟಿನಲ್ಲಿ ರಿಪೋರ್ಟ್ 628 ಅಂತ ಬಂತು. ಆ ಲಾಟ್ ಬೇಡ ಅಂದೆ. ಮೇಸ್ತ್ರಿಗೆ ಆಶ್ಚರ್ಯ. "ಜಾಸ್ತಿ ಗಟ್ಟಿ ಐತಲ್ಲ ಸಾರ್, ಒಳ್ಳೇದೇ ಅಲ್ವಾ?" ಅಂದರು. ಬೀಮಿನ ಕಂಬಿ ಬಗ್ಗಲೇಬೇಕಾದ ಜಾಗದಲ್ಲಿ ಬಗ್ಗದಿದ್ದರೆ ಪಿಲ್ಲರ್ ಬಗ್ಗುತ್ತದೆ ಅಂತ ಎರಡು ಕಡ್ಡಿ ಹಿಡಿದು ತೋರಿಸಿದೆ. ಅವರು ತಲೆದೂಗಿದರು. ಲಾಟ್ ವಾಪಸ್ ಹೋಯಿತು.

ಸ್ಟಿಲ್ಟ್ ಪಾರ್ಕಿಂಗ್ ಬಗ್ಗೆ ಹೇಳದೆ ಇದನ್ನು ಬಿಡಲಾರೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ಜಾಸ್ತಿ ದೂರದ ಅಹಮದಾಬಾದಿನಲ್ಲಿ ಕೆಳಗೆ ಪಾರ್ಕಿಂಗ್ ಬಿಟ್ಟು ಕಟ್ಟಿದ ಅಪಾರ್ಟ್‌ಮೆಂಟ್‌ಗಳು ಕುಸಿದವು. ಮೇಲೆ ಗೋಡೆ ತುಂಬಿ ಗಟ್ಟಿ, ಕೆಳಗೆ ಬರೀ ಪಿಲ್ಲರ್. 2002ರ ಐಎಸ್ 1893ರಲ್ಲಿ ಅಂಥ ಮಹಡಿಯ ಪಿಲ್ಲರಿಗೂ ಬೀಮಿಗೂ 2.5 ಪಟ್ಟು ಬಲ ಹಾಕುವ ದಾರಿ ಇತ್ತು. ಪಿಲ್ಲರಿಗೆ ಹಾಕಿದ್ದು ಸರಿ. ಬೀಮಿಗೂ ಹಾಕಿದ್ದು ನನಗೆ ಯಾವತ್ತೂ ಒಪ್ಪಿಗೆಯಾಗಲಿಲ್ಲ. ವಾಲ್ವನ್ನೂ ಗಟ್ಟಿ ಮಾಡಿದ ಹಾಗಾಯಿತು. 2016ರ ಆವೃತ್ತಿ ದಾರಿ ಬದಲಿಸಿ, ಅಂಥ ಮಹಡಿಗೆ ಕಾಂಕ್ರೀಟ್ ಗೋಡೆ ಅಥವಾ ಬ್ರೇಸ್ ಕೊಡಿ ಅನ್ನುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್ ಮೇಲೆ ಮೂರು ಅಡಿ ಚಾಚಿ, ಚಾಚಿದ ಬೀಮಿನ ತುದಿಯಿಂದ ಹೊಸ ಪಿಲ್ಲರ್ ಎಬ್ಬಿಸುವ ಪದ್ಧತಿಗೂ ಅದರಲ್ಲಿ ಖಡಕ್ ಮಾತಿದೆ. ಭೂಕಂಪದ ಬಲ ತಡೆಯುವ ಚೌಕಟ್ಟಿನಲ್ಲಿ ತೇಲುವ ಪಿಲ್ಲರ್ ಬೇಡ. ಅಲ್ಲಿ ಓವರ್‌ಸ್ಟ್ರೆಂತ್ ಹಾಕಿ ಸರಿ ಮಾಡುತ್ತೇನೆ ಅನ್ನುವ ಮಾತಿಲ್ಲ, ಪ್ಲಾನ್ ಬದಲಿಸಬೇಕು.

ನಮ್ಮ ಸ್ಟೀಲ್ ಕಟ್ಟಡಕ್ಕೆ ವಾಪಸ್ ಬರೋಣ. ಹುಡುಗಿ ಪ್ರಿಂಟ್ ಹಾಕಿಸಿಕೊಂಡು ಕೆಂಪು ಪೆನ್ಸಿಲ್ ಹಿಡಿದು ಕೂತಳು. ನಾಲ್ಕನೇ ಬದಿಯ ಎರಡು ಪಿಲ್ಲರ್, ಅವುಗಳ ಜೋಡಣೆ, ಬೇಸ್ ಪ್ಲೇಟು. ಮೊದಲ ಮಹಡಿಯ ಕಲೆಕ್ಟರ್ ಬೀಮು, ಅದರ ತುದಿಯ ಬೋಲ್ಟು. ಬ್ರೇಸಿನ ತುದಿಯನ್ನು ಚೌಕಟ್ಟಿಗೆ ಜೋಡಿಸುವ ಗಸೆಟ್ ಪ್ಲೇಟುಗಳು. ಉಳಿದ ಮೂರು ಬದಿಯ ಬ್ರೇಸ್ ಪಕ್ಕದ ಪಿಲ್ಲರ್‌ಗಳಲ್ಲಿ ಶೇ. 40 ದಾಟಿದವು. ಅಷ್ಟಕ್ಕೇ ಕೆಂಪು ಗುರುತು. ಬ್ರೇಸ್, ಬೀಮು, ಸರಿತ ಎಲ್ಲ ಮಾಮೂಲಿ ಲೆಕ್ಕಕ್ಕೆ ಬಂದವು. ಸ್ಟೀಲ್ ಓನರ್ ಒಪ್ಪುವ ತೂಕಕ್ಕೆ ಇಳಿಯಿತು.

ಕೊನೆಗೆ ಅವಳು ಕೇಳಿದಳು, "ಸರ್, ಫೂಟಿಂಗ್‌ಗೆ?" ಒಳ್ಳೆಯ ಪ್ರಶ್ನೆ. ಫೂಟಿಂಗ್ ಮೇಲೇಳುವುದೂ ಒಂದು ವಾಲ್ವ್. ಅದು ಎದ್ದ ಮೇಲೆ ಪಿಲ್ಲರಿನಲ್ಲಿ ಎಳೆತ ಇನ್ನು ಏರುವುದಿಲ್ಲ. ಐಎಸ್ 800 ಕೂಡ ಆ ಮಿತಿಯನ್ನು ಒಪ್ಪುತ್ತದೆ. ಅವಳು ಫೂಟಿಂಗ್ ಮತ್ತು ಅದರ ಮೇಲಿನ ಮಣ್ಣಿನ ತೂಕ ಲೆಕ್ಕ ಹಾಕಿದಳು. 17 ಟನ್ ಬಂತು. ಹಾಗಾದರೆ ಬೋಲ್ಟು 21ರ ಬದಲು 17ಕ್ಕೆ ಸಾಕಲ್ವಾ ಅಂದಳು. ಆದರೆ ಆ ಫೂಟಿಂಗನ್ನು ಎರಡು ಕಡೆಯಿಂದ ಪ್ಲಿಂತ್ ಬೀಮುಗಳೂ ಹಿಡಿದಿವೆ, ಅವುಗಳ ಬಲವನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅದು 17ಕ್ಕೇ ಏಳುತ್ತದೆ ಅಂತ ಹೇಳಲು ಬರುವುದಿಲ್ಲ ಅಂದೆ. ಅವಳು ಡ್ರಾಯಿಂಗಿನಲ್ಲಿ 21 ಅಂತಲೇ ಬರೆದಳು.